ಭಟ್ಟಿಯಿಂದ ಹೋದವರು ಗೋಡೆಗೆ ಬಾರದ ವಿಚಾರ

ಸೊರಬ,
ತಾ. ೧೪-೫-೧೯೫೯

ಮಹಾರಾಜಶ್ರೀ ಇಂಗಾಲಾಮ್ಲ ವಾಯುಗಳವರ ದಿವ್ಯ ಸನ್ನಿಧಾನಕ್ಕೆ,
ಮುಕ್ಕಾಂ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಮೇಲಿನ ಆಕಾಶ.

ಮಾನ್ಯರೇ,

ಸೊರಬದ ಮಾಧ್ಯಮಿಕ ಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿರುವ ಉಪಾಧ್ಯಾಯಿನಿ ಜಗದಾಂಬಳ ವಿನಯಪೂರ್ವಕ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕೆಂದು ಕೇಳಿಕೊಳ್ಳುವುದು ವಾಡಿಕೆ. ಆದರೆ ತಾವು ಕ್ಷೇಮವಾಗಿರುವುದಷ್ಟೇ ಅಲ್ಲ, ವರ್ಷದಿಂದ ವರ್ಷಕ್ಕೆ ಮೈ ತುಂಬಿಕೊಳ್ಳುತ್ತಲೂ ಇದ್ದೀರೆಂದು ತಿಳಿದವರೊಬ್ಬರು ಹೇಳಿರುವುದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಇಂಗ್ಲಿಷ್ ಪುಸ್ತಕಗಳಲ್ಲಿ ತಮ್ಮ ಹೆಸರು ಕಾರ್ಬನ್ ಡೈಆಕ್ಸೈಡ್ ಎಂಬುದೊಂದು ಗೊತ್ತೇ ಹೊರತು, ತಮ್ಮ ಬೀದಿ, ಮನೆ ನಂಬರು ಯಾವುದೂ ನನಗೆ ತಿಳಿಯದು. ಅಂಚೆ ಮಾಸ್ತರರನ್ನು ಕೇಳಿದ್ದಕ್ಕೆ, ಆಕಾಶಕ್ಕೆ ಹೋಗುವ ಟಪಾಲಿಗೆ ಎಷ್ಟರ ಸ್ಟಾಂಪು ಹಚ್ಚಬೇಕೆಂಬುದು ಅಂಚೆಯ ಪುಸ್ತಕದಲ್ಲಿ ಇಲ್ಲವೆಂದು ಅವರು ಬಹಳ ಹೊತ್ತು ಹುಡುಕಿ ಹೇಳಿದರು. ಆದ್ದರಿಂದ ಇದನ್ನು ಬಹಿರಂಗ ಪತ್ರವನ್ನಾಗಿ ಮಾಡಿ ನಮ್ಮ ಶಾಲೆಯ ಕಿಟಕಿ ಪಕ್ಕದ ಹಲಗೆಗೆ ಅಂಟಿಸುತ್ತಿದ್ದೇನೆ. ತಾವು ಹೇಗೂ ಆ ಕಿಟಕಿಯಲ್ಲಿ ದಿನಕ್ಕೆ ಸಾವಿರ ಸಲ ಓಡಾಡುವವರು, ನನ್ನ ಮೂಗಿನಿಂದಲೇ ಎಷ್ಟೋ ಸಲ ಹೊರಟವರು; ಬಿಡುವಾದಾಗ ಒಮ್ಮೆ ನಿಂತು ಓದಿಕೊಳ್ಳಬೇಕು.

ವಿಷಯವೇನೆಂದರೆ, ಒಲೆಯಿಂದಲೋ ಲಾರಿಯಿಂದಲೋ ಸುಣ್ಣದ ಭಟ್ಟಿಯಿಂದಲೋ ಒಮ್ಮೆ ಮೇಲಕ್ಕೆ ಹೋದ ತಾವು ಎಷ್ಟು ಕಾಲ ಅಲ್ಲಿರುತ್ತೀರಿ, ಯಾವಾಗ ಕೆಳಗಿಳಿಯುತ್ತೀರಿ ಎಂಬುದನ್ನು ಈವರೆಗೆ ಯಾರಿಗೂ ಬರಹದಲ್ಲಿ ತಿಳಿಸಿಲ್ಲ. ತಮಗೆ ಇದು ಸಣ್ಣ ಮರೆವು ಇರಬಹುದು. ಆದರೆ ಈ ಮರೆವಿನಿಂದಾಗಿ ನಮ್ಮ ಏಳನೆಯ ತರಗತಿಯ ಅಮೀನಾಬಿ ಎಂಬ ಹುಡುಗಿ ವಿಜ್ಞಾನದಲ್ಲಿ ಬರೀ ಎರಡು ಅಂಕ ಕಡಿಮೆಯಾಗಿ ನಪಾಸಾಗಿ ಕೂತಿದ್ದಾಳೆ.

ಈ ಅಮೀನಾಬಿ, ಊರ ಹೊರಗೆ ಸುಣ್ಣದ ಭಟ್ಟಿ ಇಟ್ಟಿರುವ ಗುಲಾಬ್ ಸಾಬರ ಮಗಳು. ಸೊರಬದಲ್ಲಿ ಎಲೆಯಡಿಕೆ ಹಾಕುವ ಬಾಯಿಗಳಲ್ಲಿ ಮುಕ್ಕಾಲು ಪಾಲು ಅವರ ಸುಣ್ಣವನ್ನೇ ತಿಂದಿವೆ, ಊರಿನ ಗೋಡೆಗಳಂತೂ ಎಲ್ಲವೂ. ಹುಡುಗಿ ಐದನೆಯ ತರಗತಿಯಲ್ಲಿದ್ದಾಗಲೇ ನನ್ನ ಮೇಜಿನ ಮುಂದೆ ನಿಂತು, “ಅಕ್ಕೋರೆ, ಹತ್ತು ಮಣ ಕಲ್ಲು ಸುಟ್ರೆ ಆರು ಮಣ ಸುಣ್ಣಾನೂ ಬರಲ್ಲ. ಉಳಿದಿದ್ದು ಎಲ್ಲಿ ಹೋತು?” ಎಂದು ಕೇಳಿದ್ದಳು. ಮೂರು ತಲೆಮಾರಿನಿಂದ ಕಲ್ಲು ಸುಡುತ್ತಿರುವ ಆ ಮನೆಯಲ್ಲಿ ತೂಕ ಇಳಿಯುವುದು ಎಲ್ಲರಿಗೂ ಗೊತ್ತು, ಅದು ಎಲ್ಲಿಗೆ ಹೋಗುತ್ತದೆಂದು ಮಾತ್ರ ಯಾರೂ ಕೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲವೆಂದು ಈಗ ಒಪ್ಪಿಕೊಳ್ಳುತ್ತೇನೆ. ಮುಂದಿನ ವರ್ಷದ ಪಾಠದಲ್ಲಿ ಬರುತ್ತದೆಂದು ಹೇಳಿ ಕಳಿಸಿ, ಆಮೇಲೆ ಪುಸ್ತಕ ಹುಡುಕಿದೆ. ಆ ನಾಲ್ಕು ಮಣಕ್ಕೂ ಮಿಕ್ಕಿದ್ದು ತಾವೇ ಎಂದು ಗೊತ್ತಾದ ದಿನ ನನಗೆ ಬಹಳ ಸಂತೋಷವಾಯಿತು. ಗೋಡೆಗೆ ಬಳಿದ ಸುಣ್ಣವು ತಮ್ಮನ್ನು ಗಾಳಿಯಿಂದ ನಿಧಾನವಾಗಿ ವಾಪಸು ಕರೆದುಕೊಂಡು ಮತ್ತೆ ಕಲ್ಲಾಗುತ್ತದೆ ಎಂದು ಓದಿದಾಗಲಂತೂ ತಮ್ಮ ಮೇಲೆ ನನಗೆ ಗೌರವವೇ ಹುಟ್ಟಿತು; ಹೋದವರು ಮನೆಗೆ ಮರಳುತ್ತಾರಲ್ಲ ಎಂದುಕೊಂಡೆ. ಎಷ್ಟು ದಿನಕ್ಕೆ ಎಂದು ಆಗ ಯೋಚಿಸಲಿಲ್ಲ.

ಯೋಚಿಸಿದವಳು ಅಮೀನಾಬಿ. ಈ ಸಲದ ಪರೀಕ್ಷೆಯಲ್ಲಿ, “ಒಲೆಯಿಂದ ಹೊರಟ ಇಂಗಾಲಾಮ್ಲ ವಾಯುವು ಏನಾಗುತ್ತದೆ?” ಎಂದು ನಾಲ್ಕು ಅಂಕದ ಪ್ರಶ್ನೆ ಬಂದಿತ್ತು. ಅವಳು ಹೀಗೆ ಬರೆದಿದ್ದಾಳೆ: “ಸ್ವಲ್ಪ ಮರಗಳಿಗೆ ಹೋಗುತ್ತದೆ. ಆದರೆ ಮರ ಸುಟ್ಟರೆ, ಕೊಳೆತರೆ ವಾಪಸು ಬರುತ್ತದೆ. ಸ್ವಲ್ಪ ನೀರಿಗೆ ಹೋಗುತ್ತದೆ. ಸ್ವಲ್ಪ ಸುಣ್ಣದ ಗೋಡೆಗೆ ಹೋಗುತ್ತದೆ. ನಮ್ಮ ಭಟ್ಟಿಯಿಂದ ಹೋಗಲು ಅದಕ್ಕೆ ಮೂರು ದಿನ ಸಾಕು, ಗೋಡೆಗೆ ಬರಲು ತಿಂಗಳುಗಟ್ಟಲೆ ಬೇಕು. ಬಂದದ್ದಕ್ಕಿಂತ ಹೋದದ್ದು ಹೆಚ್ಚಾದರೆ ಉಳಿದದ್ದು ಮೇಲೆಯೇ ಇರುತ್ತದೆ. ನಮ್ಮ ಅಜ್ಜನ ಭಟ್ಟಿಯದು ಇನ್ನೂ ಅಲ್ಲಿ ಇರಬಹುದು.”

ನಮ್ಮ ಮಕ್ಕಳ ಉತ್ತರಗಳನ್ನು ನಾವೇ ತಿದ್ದಬಾರದೆಂದು ಪರಸ್ಥಳದ ಪರೀಕ್ಷಕರಿಗೆ ಕಳಿಸುತ್ತಾರೆ. ಆ ಮಹನೀಯರ ಹೆಸರು ಬರೆಯುವುದಿಲ್ಲ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ. ಅವರು ಈ ಉತ್ತರದ ಮೇಲೆ ಅಡ್ಡಗೆರೆ ಎಳೆದು, ಸೊನ್ನೆ ಹಾಕಿ, ಕೆಂಪು ಶಾಯಿಯಲ್ಲಿ “ತಪ್ಪು. ಮರಗಳು ಅದೇ ದಿನ ಹೀರಿಕೊಂಡು ಗಾಳಿಯು ಸಂಜೆಗೆ ಶುದ್ಧವಾಗುತ್ತದೆ. ಅಜ್ಜನ ಸಮಾಚಾರ ಅನಗತ್ಯ” ಎಂದು ಬರೆದಿದ್ದಾರೆ. ಪಾಸಿಗೆ ಮೂವತ್ತೈದು ಬೇಕು, ಹುಡುಗಿಗೆ ಬಂದದ್ದು ಮೂವತ್ತಮೂರು.

ಪಾಸಾದರೆ ಶಿಕಾರಿಪುರದಲ್ಲಿ ಸೋದರತ್ತೆ ಶಹಜಹಾನ್ ಬೇಗಂ ಅವರ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಗುಲಾಬ್ ಸಾಬರನ್ನು ಆ ಮಾತಿಗೆ ಒಪ್ಪಿಸಲು ನಾನು ನಾಲ್ಕು ಭಾನುವಾರ ಭಟ್ಟಿಯ ಪಕ್ಕ ನಿಂತು ಬೆವರಿದ್ದೇನೆ. ನಪಾಸಾದರೆ ಮಾತು ಅಲ್ಲಿಗೆ ಮುಗಿಯಿತು. ಹುಡುಗಿ ಸುಣ್ಣದ ಬುಟ್ಟಿ ಎತ್ತಲು ಈಗಾಗಲೇ ಕಲಿತಿದ್ದಾಳೆ. ಅವಳ ಬೆರಳುಗಳ ತುದಿ ಸುಣ್ಣದಿಂದ ಸುಲಿದಿರುವುದನ್ನು ಮೊನ್ನೆ ನೋಡಿದೆ. ಹಾಗಾಗಿಯೇ ತಮಗೆ ಇಷ್ಟು ಉದ್ದ ಬರೆಯುತ್ತಿರುವುದು.

ಪುರಾವೆಗಾಗಿ ನಾನು ಸುಮ್ಮನೆ ಕೂರಲಿಲ್ಲ. ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತ ಮೇಲೆ ಆ ಕಡೆ ಜೀಪುಗಳಲ್ಲಿ ಡಾಕ್ಟರುಗಳು ಓಡಾಡುತ್ತಿದ್ದಾರಷ್ಟೆ. ಅವರಲ್ಲಿ ಒಬ್ಬ ಯುವಕರು ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಹಿಡಿದು ಕೇಳಿದೆ. ನನ್ನ ಕೆಲಸ ಮಂಗನ ಕಾಯಿಲೆ ಹರಡುವ ಉಣ್ಣಿಗಳದ್ದು, ಆಕಾಶದ್ದಲ್ಲ ಎಂದು ಅವರು ಮೊದಲು ಕೈ ಮುಗಿದರು. ಆಮೇಲೆ ಯಾವುದೋ ಪತ್ರಿಕೆಯಲ್ಲಿ ಓದಿದ್ದನ್ನು ನೆನಪಿಸಿಕೊಂಡು, ಸಮುದ್ರದ ನಡುವಿನ ಬೆಟ್ಟವೊಂದರ ಮೇಲೆ ತಮ್ಮನ್ನು ಅಳೆಯುವ ಯಂತ್ರ ಇಟ್ಟಿದ್ದಾರೆಂದೂ, ತಾವು ಹತ್ತು ವರ್ಷ ಇರುತ್ತೀರೆಂದು ಕೆಲವರು, ನೂರಾರು ವರ್ಷವೆಂದು ಕೆಲವರು ವಾದಿಸುತ್ತಾರೆಂದೂ, ಬಿಸಿಲಿನ ಕಾವನ್ನು ಕಂಬಳಿ ಹೊದ್ದಂತೆ ಹಿಡಿದಿಟ್ಟುಕೊಳ್ಳುವ ಅಭ್ಯಾಸ ತಮಗಿದೆಯೆಂದೂ ಹೇಳಿದರು. ಹತ್ತಕ್ಕೂ ನೂರಕ್ಕೂ ಇಷ್ಟು ಅಂತರವೇಕೆಂದು ಕೇಳಿದೆ. ಅಷ್ಟರಲ್ಲಿ ಜೀಪು ಹೊರಟಿತು.

ಆ ಅಂತರ ನನಗೆ ತಾಲ್ಲೂಕು ಕಚೇರಿಯ ಮುಂದೆ ಹಾದುಹೋಗುವಾಗ ಅರ್ಥವಾಯಿತು. ನಾನು ಬಂದ ಮೇಲೆ ಸೊರಬಕ್ಕೆ ಒಂಬತ್ತು ಜನ ಅಮಲ್ದಾರರು ಬಂದರು, ಎಂಟು ಜನ ಹೋದರು. ಒಬ್ಬೊಬ್ಬರನ್ನೇ ನೋಡಿದರೆ ಇವರ ವಾಸ್ತವ್ಯ ಒಂದು ವರ್ಷ ಚಿಲ್ಲರೆ. ಆದರೆ ಅಮಲ್ದಾರರ ಕುರ್ಚಿ ಒಂದು ದಿನವೂ ಖಾಲಿಯಾಗಿಲ್ಲ. ತಮ್ಮದೂ ಹಾಗೆಯೇ ಇರಬೇಕು: ತಮ್ಮಲ್ಲಿ ಒಬ್ಬರು ಭತ್ತದ ಎಲೆಗೋ ಸಮುದ್ರಕ್ಕೋ ಇಳಿದರೆ ಅಲ್ಲಿಂದ ಇನ್ನೊಬ್ಬರು ಎದ್ದು ಬಂದು ಅದೇ ಕುರ್ಚಿಯಲ್ಲಿ ಕೂರುತ್ತಾರೆ. ಹತ್ತು ಒಬ್ಬೊಬ್ಬರ ಲೆಕ್ಕ, ನೂರು ಕುರ್ಚಿಯ ಲೆಕ್ಕ. ಹೆಚ್ಚಾಗಿ ಮೇಲಕ್ಕೆ ಹೋದ ಪಾಲು ಕಡಿಮೆಯಾಗಬೇಕಾದರೆ ನಮ್ಮ ಮೊಮ್ಮಕ್ಕಳ ಕಾಲ ಬರಬೇಕು.

ಇಲ್ಲಿ ತಮ್ಮನ್ನು ಹೊಗಳದೆ ಇರಲಾರೆ. ಈ ಊರಿಗೆ ಬಂದ ಅಧಿಕಾರಿಗಳು ಹಾಸಿಗೆ ಬಿಚ್ಚುವ ಮೊದಲೇ ವರ್ಗಕ್ಕೆ ಅರ್ಜಿ ಬರೆಯುತ್ತಾರೆ. ಡಾಕ್ಟರು ನಿಲ್ಲುವುದಿಲ್ಲ, ಇಂಜಿನಿಯರು ನಿಲ್ಲುವುದಿಲ್ಲ, ಕಳೆದ ವರ್ಷ ಬಂದ ಡ್ರಿಲ್ ಮಾಸ್ತರರು ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋದರು. ನಮ್ಮ ತಾಲ್ಲೂಕನ್ನು ನಿಜವಾಗಿ ಪ್ರೀತಿಸಿ, ಭತ್ಯೆ ಕೇಳದೆ, ರಜೆ ಹಾಕದೆ ನೆಲೆಸಿರುವವರು ತಾವೊಬ್ಬರೇ. ಇಷ್ಟು ನಿಷ್ಠೆಯಿಂದ ಇದ್ದೂ ತಾವು ಇಲ್ಲಿರುವುದಕ್ಕೆ ಒಂದು ಚೀಟಿ ಬರೆದುಕೊಡಲಾರಿರಲ್ಲ ಎಂಬುದೇ ನನ್ನ ಬೇಸರ.

ಗುಲಾಬ್ ಸಾಬರಿಗೆ ಮಗಳ ಉತ್ತರವನ್ನು ಓದಿ ಹೇಳಿದೆ. ಬಯ್ಯುತ್ತಾರೇನೋ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಸಲಿಕೆಯನ್ನು ಕೆಳಗಿಟ್ಟು, ಮೇಲೆ ನೋಡಿ, “ನಮ್ ಅಪ್ಪಾರು ಸುಟ್ಟಿದ್ದು ಇನ್ನೂ ಮ್ಯಾಲೆ ಐತೇನ್ರೀ ಅಕ್ಕೋರೆ?” ಎಂದು ಕೇಳಿದರು. ಇರಬಹುದು ಎಂದೆ. “ಅವರು ಹೋಗಿ ಹದಿನಾಲ್ಕು ವರ್ಷ ಆತ್ರೀ,” ಎಂದರು. ಅಜ್ಜನ ಸಮಾಚಾರ ಅನಗತ್ಯ ಎಂದು ಬರೆದವರು ಆಗ ಅಲ್ಲಿರಬೇಕಾಗಿತ್ತು.

ಅವರು ಬಂದರು, ಆದರೆ ಭಟ್ಟಿಗಲ್ಲ, ಶಾಲೆಗೆ. ಬೇರೆ ಕೆಲಸದ ಮೇಲೆ ಕಳೆದ ಶನಿವಾರ ಸೊರಬಕ್ಕೆ ಬಂದಿದ್ದವರನ್ನು ನಮ್ಮ ಹೆಡ್ಮಾಸ್ಟರು ಶೇಷಪ್ಪನವರು ಉಪಚಾರ ಮಾಡಿ ಕರೆತಂದು ಬೆಂಚಿನ ಮೇಲೆ ಕೂರಿಸಿದರು. ರಜೆಯಲ್ಲಿ ಶಾಲೆಗೆ ಸುಣ್ಣ ಬಳಿಸಿ ಹದಿನೈದು ದಿನವಾಗಿತ್ತು. ಸುಣ್ಣ ಗುಲಾಬ್ ಸಾಬರದ್ದೇ. ಪರೀಕ್ಷಕರು ಕರಿ ಕೋಟಿನಲ್ಲಿ ಆರಾಮವಾಗಿ ಗೋಡೆಗೆ ಒರಗಿ, ಗಾಳಿಯು ಪ್ರತಿ ಸಂಜೆ ಹೇಗೆ ಶುದ್ಧವಾಗುತ್ತದೆಂದು ನನಗೆ ಮುಕ್ಕಾಲು ಗಂಟೆ ವಿವರಿಸಿದರು. ಕೊನೆಗೆ, “ಸೊನ್ನೆ ಸೊನ್ನೇನೇ ಕಣಮ್ಮ,” ಎಂದು ಎದ್ದು ತಿರುಗಿದಾಗ ಅವರ ಬೆನ್ನು ಪೂರ್ತಿ ಬೆಳ್ಳಗಾಗಿತ್ತು.

ಶೇಷಪ್ಪನವರು ಒರೆಸಲು ಓಡಿದರು. ಬಾಗಿಲ ಬಳಿ ನಿಂತಿದ್ದ ಅಮೀನಾಬಿ ಬಹಳ ಮರ್ಯಾದೆಯಿಂದ, “ಸಾರ್, ಅದು ಇನ್ನೂ ವಾಪಸ್ ಬಂದಿಲ್ಲ. ಬಂದಿದ್ರೆ ಸುಣ್ಣ ಕಲ್ಲಾಗಿರ್ತಿತ್ತು, ಕೋಟಿಗೆ ಹತ್ತುತಿರಲಿಲ್ಲ,” ಎಂದಳು. ಮಾನ್ಯರೇ, ಹನ್ನೊಂದು ವರ್ಷದ ನನ್ನ ನೌಕರಿಯಲ್ಲಿ ನಾನು ಅಷ್ಟು ಸುಖಪಟ್ಟ ಗಳಿಗೆ ಇನ್ನೊಂದಿಲ್ಲ. ಪರೀಕ್ಷಕರು ಮಾತ್ರ ಸುಣ್ಣಕ್ಕೆ ಗೋಂದು ಸಾಲದೆಂದು ತೀರ್ಪು ಕೊಟ್ಟು ಹೊರಟುಹೋದರು. ಗೋಂದು ಸ್ವಲ್ಪ ಕಡಿಮೆಯಿದ್ದದ್ದೂ ನಿಜವೇ, ತಮ್ಮ ಮುಂದೆ ಸುಳ್ಳೇಕೆ ಹೇಳಲಿ.

ನಾನು ಬಿಡದೆ ಮೇಲಕ್ಕೆ ಬರೆದಿದ್ದೇನೆ. ಬರುವ ಸೋಮವಾರ ವಿದ್ಯಾ ಇಲಾಖೆಯ ದೊಡ್ಡ ಸಾಹೇಬರು ಸ್ವತಃ ಬಂದು ಉತ್ತರಪತ್ರಿಕೆ ನೋಡುತ್ತಾರಂತೆ. ಕೂರುವುದು ಅದೇ ಬೆಂಚು, ಒರಗುವುದು ಅದೇ ಗೋಡೆ; ಅವರ ಬೆನ್ನಿಗೂ ಸುಣ್ಣ ಹತ್ತಿದರೆ ಅದಕ್ಕಿಂತ ಪುರಾವೆ ಬೇಕಿಲ್ಲ. ಆದಕಾರಣ ತಮ್ಮ ಪಾದಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಇಲ್ಲಿಯವರೆಗೆ ತಾವು ತಡಮಾಡುತ್ತೀರೆಂದು ದೂರಿದ್ದನ್ನೆಲ್ಲ ದಯಮಾಡಿ ಮರೆತು, ಸೋಮವಾರ ಮಧ್ಯಾಹ್ನದವರೆಗೆ ನಮ್ಮ ಗೋಡೆಯ ಹತ್ತಿರ ಸುಳಿಯಲೇಬಾರದು. ತರಗತಿಯ ಕಿಟಕಿಗಳನ್ನು ಮುಚ್ಚಿಸಿದ್ದೇನೆ, ತಮ್ಮ ಹಲಗೆಯ ಪಕ್ಕದ್ದೊಂದನ್ನು ಬಿಟ್ಟು. ನಾನು ಆ ಕೋಣೆಯಲ್ಲಿ ಆದಷ್ಟೂ ಕಡಿಮೆ ಉಸಿರಾಡುತ್ತಿದ್ದೇನೆ. ಇಷ್ಟು ವರ್ಷ ಆಕಾಶದಲ್ಲಿ ಕಾಲ ಕಳೆದವರಿಗೆ ಇನ್ನು ನಾಲ್ಕು ದಿನ ಭಾರವಾಗಲಾರದು.

ತಮ್ಮ ನಿಧಾನವನ್ನೇ ನಂಬಿಕೊಂಡಿರುವ,

ತಮ್ಮ ವಿಶ್ವಾಸಿ,
ಜಗದಾಂಬ
ವಿಜ್ಞಾನದ ಉಪಾಧ್ಯಾಯಿನಿ

ತಾ. ಕ.: ಇಂದು ಮಂಗಳವಾರ. ತಾವು ಮಾತು ಉಳಿಸಿಕೊಂಡಿರಿ, ಗೋಡೆ ಇನ್ನೂ ಕೈಗೆ ಹತ್ತುತ್ತಿದೆ. ಆದರೆ ಸಾಹೇಬರು ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆಯಲ್ಲಿ ಬಂದರು. ಬೆನ್ನಿಗೆ ಹತ್ತಿದ ಪುರಾವೆ ಯಾರ ಕಣ್ಣಿಗೂ ಬೀಳಲಿಲ್ಲ. ಉತ್ತರವನ್ನು ಎರಡು ಸಲ ಓದಿ, ಹುಡುಗಿಯ ಬೆರಳುಗಳನ್ನು ಒಮ್ಮೆ ನೋಡಿ, ಎರಡು ಅಂಕ ಕೊಟ್ಟರು. ಕಾರಣ: “ಅಕ್ಷರ ದುಂಡಾಗಿದೆ.” ಅಮೀನಾಬಿ ಪಾಸು. ಜೂನಿನಲ್ಲಿ ಶಿಕಾರಿಪುರದ ಬಸ್ಸು ಹತ್ತುತ್ತಾಳೆ. ಉತ್ತರದ ಮೇಲಿನ ಅಡ್ಡಗೆರೆಯನ್ನು ಮಾತ್ರ ಸಾಹೇಬರು ಅಳಿಸಲಿಲ್ಲ. ಅಂದಮೇಲೆ ಸರ್ಕಾರಿ ಕಾಗದದ ಪ್ರಕಾರ ತಾವು ಇಂದಿಗೂ ಪ್ರತಿ ಸಂಜೆ ಆಕಾಶ ಖಾಲಿ ಮಾಡತಕ್ಕದ್ದು. ಗುಲಾಬ್ ಸಾಬರ ತಂದೆಯವರ ಕಾಲದವರನ್ನೂ ಜೊತೆಗೆ ಕರೆದುಕೊಂಡು ದಯಮಾಡಿ ಹೊರಡಬೇಕು. ಹೊರಡದಿದ್ದರೆ ನನ್ನದೇನೂ ಅಭ್ಯಂತರವಿಲ್ಲ. ಅಮೀನಾಬಿ ಓದು ಮುಗಿಸಿ ಬರುವಾಗ ತಾವು ಅಲ್ಲೇ ಸಿಗುತ್ತೀರಿ, ಅವಳು ಮತ್ತೆ ಅದೇ ಪ್ರಶ್ನೆ ಕೇಳುತ್ತಾಳೆ, ಆಗ ಉತ್ತರ ತಿದ್ದಲು ಯಾವ ಪರೀಕ್ಷಕರೂ ಇರುವುದಿಲ್ಲ.