ಹಿತ್ತಲ ಕಲ್ಲಿನ ಅಕ್ಷರ

ಆ ಶನಿವಾರ ಅನಂತರಾಮು ಮೇಷ್ಟ್ರಿಗೆ ಒದಗಿದ ಸಂಕಟಕ್ಕೆಲ್ಲ ಮೂಲ ಮೂರು ಜಮಖಾನೆಗಳು. ಹಿಂದಿನ ದಿನ ಮನೆಯಲ್ಲಿ ನಡೆದ ಸತ್ಯನಾರಾಯಣ ಪೂಜೆಗೆ ಬಂದವರು ಅವುಗಳ ಮೇಲೆ ಕುಳಿತು ಭಕ್ತಿಯಿಂದ ಪಾಯಸ ಕುಡಿದಿದ್ದರು. ಅವರು ಕುಡಿದಷ್ಟನ್ನೇ ಜಮಖಾನೆಗಳೂ ಕುಡಿದಿದ್ದವು. ವಾಷಿಂಗ್ ಮಿಷನ್ನಿಗೆ ಹಿಡಿಸುವ ಗಾತ್ರ ಅವುಗಳದ್ದಲ್ಲ. ಹಿತ್ತಲ ಕಲ್ಲಿನ ಮೇಲೆ ಎತ್ತಿ ಬಡಿದೇ ಒಗೆಯಬೇಕು. ಒಗೆಯುವಾಗ ಮೊಮ್ಮಕ್ಕಳು ಸೋಪಿನ ನೀರಿನಲ್ಲಿ ಜಾರಿ ಬೀಳದಂತೆ ಯಾರಾದರೂ ಕಾಯಬೇಕು. ಆದಕಾರಣ ಮೇಷ್ಟ್ರು ಬೆಂಗಳೂರಿಗೆ ಹೊರಟಾಗ ಅವರ ಪತ್ನಿ ಇಂದಿರಮ್ಮ ಆರು ವರ್ಷದ ಪ್ರಜ್ಞಳನ್ನೂ ನಾಲ್ಕು ವರ್ಷದ ಸುಶಮೀಂದ್ರನನ್ನೂ ಸ್ನಾನ ಮಾಡಿಸಿ ಜೊತೆಗೆ ಹೊರಡಿಸಿಬಿಟ್ಟರು.

ಮೇಷ್ಟ್ರು ಹೊರಟದ್ದು ಸಾಮಾನ್ಯ ಕಾರ್ಯಕ್ಕಲ್ಲ. ಕೃಷ್ಣರಾಜಪೇಟೆಯ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಅವರನ್ನು ಊರು ಕರೆಯುತ್ತಿದ್ದುದು ‘ಶಾಸನದ ಮೇಷ್ಟ್ರು’ ಎಂದು. ಕೆರೆಯ ಏರಿಯಿರಲಿ, ಪಾಳುಗುಡಿಯಿರಲಿ, ದನದ ಕೊಟ್ಟಿಗೆಯೇ ಇರಲಿ, ಅಕ್ಷರವಿರುವ ಕಲ್ಲು ಕಂಡರೆ ಅದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಓದುವುದು, ಅಂಥ ಕಲ್ಲಿನ ಮೇಲೆ ಬಟ್ಟೆ ಒಗೆಯುವವರು ಕಂಡರೆ ಪತ್ರಿಕೆಗೆ ಕಾಗದ ಬರೆಯುವುದು, ಇವೆರಡೂ ಅವರ ನಿತ್ಯವ್ರತಗಳು. ಒಮ್ಮೆ ಎದುರುಮನೆಯ ಕುಳ್ಳಮ್ಮನ ಹೆಸರನ್ನೇ ಕಾಗದದಲ್ಲಿ ಎತ್ತಿ ಆಡಿದ್ದರಿಂದ ಆಕೆ ಆರು ತಿಂಗಳು ಮೇಷ್ಟ್ರ ಮನೆಗೆ ಹಾಲು ಹಾಕುವುದನ್ನೇ ನಿಲ್ಲಿಸಿದ್ದಳು.

ಆ ಕಾಗದಗಳ ಫಲ ಈಗ ಮಾಗಿತ್ತು. ಬೆಂಗಳೂರಿನ ವಸ್ತುಸಂಗ್ರಹಾಲಯವೊಂದರ ಅಧಿಕಾರಿ ಪ್ರಮೀಳಾ ಎಂಬಾಕೆ ಅವನ್ನೆಲ್ಲ ಓದಿ, ಮುಂದಿನ ತಿಂಗಳ ವಿದ್ವತ್ಸಭೆಯಲ್ಲಿ ಹಳೆಯ ಕಲ್ಲುಗಳನ್ನು ಕುರಿತು ಉಪನ್ಯಾಸ ಮಾಡಬೇಕೆಂದು ಕೇಳಿದ್ದರು. ಈ ದಿನ ಮುಖತಃ ಮಾತನಾಡಿ ಒಪ್ಪಿಕೊಂಡರೆ ಆಹ್ವಾನಪತ್ರಿಕೆಯಲ್ಲಿ ಹೆಸರು ಅಚ್ಚಾಗುವುದು. ಅರವತ್ತೆಂಟು ವರ್ಷ ಕಳೆದರೂ ಪಂಡಿತರ ಸಭೆಯಲ್ಲಿ ಒಮ್ಮೆಯೂ ಎದ್ದು ನಿಲ್ಲದ ಮೇಷ್ಟ್ರಿಗೆ ಅದೊಂದೇ ಉಳಿದಿದ್ದ ಆಸೆ. ಉಪನ್ಯಾಸದ ಮೊದಲ ವಾಕ್ಯವನ್ನು ಅವರು ಹದಿನೈದು ದಿನಗಳಿಂದ ಸಂಧ್ಯಾವಂದನೆಯ ನಡುವೆಯೂ ತಿದ್ದುತ್ತಿದ್ದರು: ‘ಮಹಾಜನರೇ, ಒಗೆಯುವ ಕಲ್ಲೆಂದು ನೀವು ತಿಳಿದಿರುವುದು ಪೂರ್ವಿಕರ ನಾಲಗೆ.’

ಕಾರು ಪಕ್ಕದ ಮನೆಯ ಚಿಕ್ಕಯ್ಯನದು, ನಡೆಸುವವನೂ ಅವನೇ. ನಾಗಮಂಗಲ ದಾಟುವುದರೊಳಗೆ ಸುಶಮೀಂದ್ರ ಎರಡು ಸಲ ವಾಂತಿ ಮಾಡಿದ. ಬೆಳ್ಳೂರು ದಾಟುವುದರೊಳಗೆ, ಹೊಸದಾಗಿ ಓದು ಕಲಿತಿದ್ದ ಪ್ರಜ್ಞ ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿ, ಸಿಮೆಂಟು, ಗೊಬ್ಬರ, ಮೂಲವ್ಯಾಧಿ ಔಷಧಗಳ ಹೆಸರುಗಳನ್ನು ಸಹಸ್ರನಾಮದಂತೆ ಪಾರಾಯಣ ಮಾಡಿದಳು. ಮೇಷ್ಟ್ರು ಮಾತ್ರ ಕಣ್ಣು ಮುಚ್ಚಿ, ಮಹಾಜನರನ್ನು ಸಂಬೋಧಿಸುತ್ತಲೇ ಇದ್ದರು.

ವಸ್ತುಸಂಗ್ರಹಾಲಯದಲ್ಲಿ ಮೊದಲ ಅರ್ಧ ಗಂಟೆ ಶುಭವಾಗಿಯೇ ಕಳೆಯಿತೆನ್ನಬೇಕು. ಸುಶಮೀಂದ್ರ ಕಂಡ ಕಂಡ ವಿಗ್ರಹಗಳಿಗೆಲ್ಲ ಉದ್ದಂಡ ನಮಸ್ಕಾರ ಹಾಕಿ, ತೀರ್ಥ ಯಾವಾಗ ಕೊಡುತ್ತಾರೆಂದು ಕಾವಲುಗಾರನನ್ನು ಕೇಳಿದ. ಪ್ರಜ್ಞ ‘ಮುಟ್ಟಬಾರದು’ ಎಂಬ ಫಲಕವನ್ನು ಹದಿನಾಲ್ಕು ಕಡೆ ಓದಿದಳು, ಪ್ರತಿ ಸಲವೂ ಅದರ ಮೇಲೆ ಬೆರಳಿಟ್ಟು. ಅಷ್ಟರಲ್ಲಿ ಪ್ರಮೀಳಾ ಬಂದರು. ಮಗಳ ವಯಸ್ಸಿನ ಆ ವಿದುಷಿ ಮೇಷ್ಟ್ರ ಕಾಲಿಗೆ ನಮಸ್ಕರಿಸಿ, ಅವರ ಕಾಗದಗಳನ್ನು ಫೈಲು ಮಾಡಿಟ್ಟಿರುವುದಾಗಿ ಹೇಳಿದಾಗ ಮೇಷ್ಟ್ರ ಎದೆ ಹಬ್ಬದ ಹೋಳಿಗೆಯಂತೆ ಉಬ್ಬಿತು. ಹಗ್ಗ ಕಟ್ಟಿ ಕಾಪಾಡಿದ್ದ ಶಾಸನವೊಂದರ ಮುಂದೆ ನಿಂತು ಇಬ್ಬರೂ ಮಾತನಾಡತೊಡಗಿದರು. ಜನರಿಗೆ ಕಲ್ಲಿನ ಬೆಲೆ ಗೊತ್ತಿಲ್ಲವೆಂದು ಅವರು ನಿಟ್ಟುಸಿರಿಟ್ಟರು, ಇವರೂ ಇಟ್ಟರು.

“ತಾತ,” ಎಂದಳು ಪ್ರಜ್ಞ, “ನಮ್ಮ ಹಿತ್ತಲ ಕಲ್ಲಲ್ಲೂ ಹೀಗೇ ಅಕ್ಷರ ಇದೆ.”

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳಲಿಲ್ಲ. ಅಥವಾ ಕೇಳಿಸಿಕೊಳ್ಳಬಾರದೆಂದು ನಿಶ್ಚಯಿಸಿದರು. ಕೇಳಿಸಿಕೊಂಡವರು ಪ್ರಮೀಳಾ. ಅವರು ಮಂಡಿಯೂರಿ, ಯಾವ ಕಲ್ಲು ಪುಟ್ಟಿ ಎಂದು ವಿಚಾರಿಸಿದರು.

ಉತ್ತರ ಕೊಟ್ಟವನು ಸುಶಮೀಂದ್ರ, ಅದೂ ಬಾಯಿಂದಲ್ಲ. ಹಗ್ಗದ ಕೆಳಗೆ ನುಸುಳಿ, ವಾಂತಿಗೆಂದು ಅಜ್ಜಿ ಹೆಗಲಿಗೆ ಹಾಕಿದ್ದ ಟವಲನ್ನು ಎರಡೂ ಕೈಯಲ್ಲಿ ಎತ್ತಿ, ಪುರಾತನವಾದ ಆ ಶಾಸನದ ನೆತ್ತಿಯ ಮೇಲೆ ಫಟ್ಟೆಂದು ಬಡಿದ. “ಅಜ್ಜಿ ಹೀಗೆ,” ಎಂದು ಇನ್ನೊಂದು ಸಲ ಬಡಿದ. ಕಾವಲುಗಾರ ಸೀಟಿ ಊದಿದ.

ಮಕ್ಕಳ ಕಲ್ಪನಾಶಕ್ತಿ ಅಪಾರವೆಂದು ಮೇಷ್ಟ್ರು ನಗಲು ಯತ್ನಿಸಿದರು. ಪ್ರಜ್ಞಳಿಗೆ ಅವಮಾನವಾಯಿತು. “ಸುಳ್ಳಲ್ಲ ತಾತ. ‘ಶ್ರೀ’ ಇದೆ. ನಾನೇ ಬೆರಳಿಟ್ಟು ತಿದ್ದಿದ್ದೀನಿ.”

ನಾಲ್ಕು ತಾಲ್ಲೂಕಿನ ಕಲ್ಲುಗಳನ್ನು ಓದಿದ ತಾವು ತಮ್ಮದೇ ಹಿತ್ತಲಲ್ಲಿ ಬತ್ತಿದ ಬಾವಿಯಿಂದಾಚೆಗೆ ಒಮ್ಮೆಯೂ ಹೆಜ್ಜೆ ಇಟ್ಟಿಲ್ಲವೆಂಬುದು ಆಗ ಮೇಷ್ಟ್ರಿಗೆ ಹೊಳೆಯಿತು. ಆನೆಯ ಅಸ್ಥಿಪಂಜರ ತೋರಿಸುತ್ತೇನೆ ಬನ್ನಿರೆಂದು ಮಕ್ಕಳನ್ನು ಎಳೆದರು. ಅದೇ ಹೊತ್ತಿಗೆ ಕಾರು ನಿಲ್ಲಿಸಿ ಒಳಬಂದ ಚಿಕ್ಕಯ್ಯ, ಸಂಗತಿಯೇನೆಂದು ಕೇಳಿ ತಿಳಿದು, ಸಹಾಯಕ್ಕೆ ನಿಂತ.

“ಆ ಕಲ್ಲಾ ಮೇಡಮ್ಮೋರೆ? ಅದುನ್ನ ನಾನೇ ಅಲ್ವಾ ಟ್ರಾಕ್ಟರ್ನಾಗೆ ಏರ್ಕೊಂಡ್ ಬಂದಿದ್ದು. ನಮ್ಮೊಲದ ಮಗ್ಗುಲಾಗೆ ಹಳೇ ಕಟ್ಟೆ ಒಡೆದೋಗಿತ್ತು, ಅಲ್ಲಿ ಬಿದ್ದಿತ್ತು. ಇಪ್ಪತ್ತೊರ್ಸ ಆಯ್ತು. ಮೇಷ್ಟ್ರು ಅವತ್ತು ಊರಾಗಿರ್ನಿಲ್ಲ, ಬಿಂಡಿಗನವಿಲೆ ತಾವ ಯಾವ್ದೋ ಕಲ್ಲು ಓದಕ್ಕೋಗಿದ್ರು.”

ಪ್ರಮೀಳಾ ಗಡಿಯಾರ ನೋಡಿಕೊಂಡರು. ಮರುದಿನ ಶ್ರೀರಂಗಪಟ್ಟಣದಲ್ಲಿ ತಮಗೆ ಹೇಗೂ ಕೆಲಸವಿದೆ, ಈ ದಿನವೇ ನಿಮ್ಮ ಕಾರಿನಲ್ಲಿ ಬಂದು ಕಲ್ಲನ್ನು ನೋಡಿಬಿಡುತ್ತೇನೆ ಎಂದಷ್ಟೇ ಹೇಳಿದರು. ಉಪನ್ಯಾಸದ ವಿಷಯ ಅನಂತರ ಮಾತನಾಡೋಣ ಎಂದೂ ಸೇರಿಸಿದರು. ಆ ‘ಅನಂತರ’ ಎಂಬ ಪದ ಮೇಷ್ಟ್ರ ಕಿವಿಗೆ ಅಪರಕ್ರಿಯೆಯ ಮಂತ್ರದಂತೆ ಕೇಳಿಸಿತು.

ಸುಶಮೀಂದ್ರನನ್ನು ಶೌಚಾಲಯಕ್ಕೆ ಕರೆದೊಯ್ಯುವ ನೆಪದಲ್ಲಿ ಅವರು ಮನೆಗೆ ಫೋನು ಮಾಡಿದರು. ಹಿತ್ತಲ ಕಲ್ಲಿನ ಮೇಲೆ ಒಗೆಯಬೇಡ, ಸೌದೆಯನ್ನೋ ಗೋಣಿಚೀಲವನ್ನೋ ಹೇರಿ ಮರೆಮಾಡು, ಯಾರು ಕೇಳಿದರೂ ಕಲ್ಲೇ ಇಲ್ಲವೆನ್ನು ಎಂದು ಪಿಸುಗುಟ್ಟಿದರು.

“ಜಮಖಾನೆ ನೆನೆದು ನಾರ್ತಾ ಇದೆ,” ಎಂದರು ಇಂದಿರಮ್ಮ. “ನಾಲ್ಕಕ್ಕೆ ನಲ್ಲೀಲಿ ನೀರು ಬರುತ್ತೆ. ಬಂದ ಕೂಡ್ಲೇ ಒಗೆಯೋದೇ.”

“ಇದು ಮಾನದ ಪ್ರಶ್ನೆ ಇಂದಿರಾ.”

“ನಾರೋದೂ ಮಾನದ ಪ್ರಶ್ನೇನೇ ಕಣ್ರೀ.” ಫೋನು ಕಡಿದುಹೋಯಿತು.

ಫೋನಿಟ್ಟ ಮೇಲೆ ಇಂದಿರಮ್ಮ ಸುಮ್ಮನಿರಲಿಲ್ಲ. ಕಲ್ಲು ಮುಚ್ಚು ಎಂದು ಗಂಡ ಹೇಳುವುದೆಂದರೇನೆಂದು ಕಾಂಪೌಂಡಿನ ಮೇಲಿಂದ ಕುಳ್ಳಮ್ಮನನ್ನು ಕೇಳಿದರು. ಕುಳ್ಳಮ್ಮ ಹಿಂದಿನ ಬೀದಿಯ ಸಿದ್ದಲಿಂಗಮ್ಮನನ್ನು ಕೇಳಿದಳು. ಕಾರು ಕೃಷ್ಣರಾಜಪೇಟೆ ಸೇರಿದಾಗ ಮೇಷ್ಟ್ರ ಹಿತ್ತಲಲ್ಲಿ ಬೀದಿಯ ಅರ್ಧ ಹೆಂಗಸರು ನೆರೆದಿದ್ದರು. ಬಡಿತದ ಸದ್ದು ಬೀದಿಯ ತಿರುವಿನಿಂದಲೇ ಕೇಳಿಸುತ್ತಿತ್ತು.

ಸೆರಗು ಬಿಗಿದು ಜಮಖಾನೆಯನ್ನು ನೆತ್ತಿಯ ಮೇಲಕ್ಕೆತ್ತಿದ್ದ ಇಂದಿರಮ್ಮ, ಅಪರಿಚಿತಳನ್ನು ಕಂಡು ಅದನ್ನು ಹಾಗೆಯೇ ಕಲ್ಲಿನ ಮೇಲಿಳಿಸಿದರು. ಮೇಷ್ಟ್ರು ದುರ್ಬಲವಾದ ಕಂಠದಲ್ಲಿ, ಇದರಲ್ಲಿ ಅಕ್ಷರವಿದೆಯೆಂದು ಯಾರೂ ತಮಗೆ ಹೇಳಲಿಲ್ಲವೆಂದರು. ತಂದ ವಾರವೇ ಹೇಳಿದ್ದೆ, ಹಿತ್ತಲ ಸಮಾಚಾರವನ್ನು ನನ್ನ ತಲೆಗೆ ಕಟ್ಟಬೇಡ ಅಂದಿರಿ ಎಂದು ಇಂದಿರಮ್ಮ ನೆನಪಿಸಿದರು.

ಪ್ರಮೀಳಾ ಕಲ್ಲಿನ ಪಕ್ಕದಲ್ಲಿ ಮಂಡಿಯೂರಿದರು. ಅದರ ಮುಂಬದಿಯ ಮುಖದ ಮೇಲೆ ಸಾಲಾಗಿ ಕೊರೆದ ಅಕ್ಷರಗಳ ಗುಳಿಗಳಲ್ಲಿ ಸೋಪಿನ ನೊರೆ ತುಂಬಿ, ಒಂದೊಂದು ಅಕ್ಷರವೂ ರಂಗೋಲಿಯಂತೆ ಬೆಳ್ಳಗೆ ಎದ್ದು ಕಾಣುತ್ತಿತ್ತು. ಅಕ್ಷರ ಕಾಣಲೆಂದು ನಾವು ಹಿಟ್ಟು ಬಳಿಯುತ್ತೇವೆ, ಇಲ್ಲಿ ಆ ಕೆಲಸ ಆಗಲೇ ಆಗಿದೆ ಎಂದು ಅವರು ಬೆರಗಾದರು. ಬಳಿಕ ತಿರುಗಿ, “ನೀವೇ ಓದಿ ಸರ್,” ಎಂದರು.

ಶಿಕ್ಷೆಯೆಂದರೆ ಇದೇ ಎಂದುಕೊಂಡರು ಮೇಷ್ಟ್ರು. ಆದರೂ ಅಕ್ಷರ ಕಂಡೊಡನೆ ಅವರ ಕೊರಳು ತಾನಾಗಿಯೇ ಗಂಭೀರವಾಯಿತು. “ಸ್ವಸ್ತಿ ಶ್ರೀ. ವಿಕಾರಿ ಸಂವತ್ಸರದ ಚೈತ್ರ ಶುದ್ಧ ಪಂಚಮಿಯಲು, ಕೆಂಚಗೌಡನ ಮಗಳು ಬೊಮ್ಮವ್ವೆ, ಕಟ್ಟೆಯ ಬಳಿಗೆ ಬಂದ ದಾರಿಗರು...” ಇಲ್ಲಿ ಸ್ವರ ನಿಂತಿತು.

“ಮುಂದೆ, ಸರ್.”

“...ದಾರಿಗರು ಸೀರೆ ಅರಿವೆ ಒಗೆವುದಕೆ ಇಕ್ಕಿಸಿದ ಕಲ್ಲು.”

ಇನ್ನೊಂದು ಸಾಲು ಉಳಿದಿತ್ತು. ಮೇಷ್ಟ್ರು ಅದನ್ನು ಮನಸ್ಸಿನಲ್ಲಿಯೇ ಓದಿ ಮುಗಿಸಲು ನೋಡಿದರು, ಪ್ರಮೀಳಾ ಬಿಡಲಿಲ್ಲ.

“ಒಗೆಯಬೇಡವೆಂದವರು ಗಂಗೆಯ ತಡಿಯಲಿ ಕಪಿಲೆಯ ಕೊಂದ ಪಾಪಕೆ ಹೋಹರು.”

ಕಪಿಲೆಯೆಂದರೆ ಹಸುವೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಕುಳ್ಳಮ್ಮ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. “ಅಂಗಾರೆ ಮೇಷ್ಟ್ರೇ, ನೀವು ಪೇಪರ್ನಾಗೆ ಬರ್ದು ಒಗೀಬ್ಯಾಡಿ ಅಂತ ಅಷ್ಟ್ ಜನುನ್ನ ಬೈದ್ರಲ್ಲ, ಎಲ್ಲಾ ಸೇರ್ಸುದ್ರೆ ಎಷ್ಟು ಅಸ ಆಯ್ತವೆ?”

ಪ್ರಮೀಳಾ ಅವರ ಮುಖದ ಮೇಲೆ ಮಾತ್ರ ಕೋಪದ ನೆರಳೂ ಇರಲಿಲ್ಲ. ಯಾವಳೋ ಹೆಣ್ಣುಮಗಳು ನೂರಾರು ವರ್ಷಗಳ ಹಿಂದೆ ಪುಣ್ಯಕ್ಕೆಂದು ಇಡಿಸಿದ ಕಲ್ಲು, ಅವಳು ಬಯಸಿದ ಕೆಲಸವನ್ನೇ ಇಂದಿಗೂ ಮಾಡುತ್ತಿರುವುದನ್ನು ತಾವು ಎಲ್ಲಿಯೂ ಕಂಡಿಲ್ಲವೆಂದರು. ಕೈಚೀಲದಿಂದ ಡೈರಿ ತೆಗೆದು ಒಂದು ಹೆಸರಿನ ಮೇಲೆ ಗೆರೆ ಎಳೆದರು.

“ತಪ್ಪು ತಿಳಿಯಬೇಡಿ ಸರ್. ಸಭೆಯಲ್ಲಿ ಮಾತಾಡಬೇಕಾದವರು ಅಮ್ಮ.”

ಏನು ಮಾತಾಡುವುದೆಂದು ಇಂದಿರಮ್ಮ ಗಾಬರಿಯಾದರು. ಇಪ್ಪತ್ತು ವರ್ಷ ಈ ಕಲ್ಲಿನ ಜೊತೆ ಹೇಗೆ ಬಾಳಿದಿರೋ ಅಷ್ಟನ್ನೇ ಹೇಳಿದರೆ ಸಾಕೆಂದು ಪ್ರಮೀಳಾ ಧೈರ್ಯ ಹೇಳಿದರು. ಸಮಯ ಹದಿನೈದು ನಿಮಿಷ ಎಂದರು. ಇಂದಿರಮ್ಮ ತುಸು ಯೋಚಿಸಿ, ಹದಿನೈದು ಸಾಲದು, ಅರ್ಧ ಗಂಟೆಯಾದರೂ ಬೇಕೆಂದರು.

ಆಹ್ವಾನಪತ್ರಿಕೆಗೆ ಭಾವಚಿತ್ರ ಬೇಕಾದ್ದರಿಂದ ಅವರು ಒದ್ದೆ ಸೀರೆ ಬದಲಿಸಲು ಒಳಗೆ ಹೋದರು. ನೊರೆ ಆರುವ ಮುಂಚೆ, ಕಲ್ಲಿನ ಮೇಲೆ ಒಗೆಯುತ್ತಿರುವುದರದ್ದೊಂದು ವಿಡಿಯೋ ಆದರೆ ಸಭೆಯಲ್ಲಿ ತೋರಿಸಬಹುದಿತ್ತು ಎಂದು ಪ್ರಮೀಳಾ ಸುತ್ತ ನೋಡಿದರು. ಹೆಂಗಸರೆಲ್ಲ ಮೇಷ್ಟ್ರನ್ನು ನೋಡಿದರು. ಕುಳ್ಳಮ್ಮ ಜಮಖಾನೆಯ ತುದಿಯನ್ನು ಅವರ ಕೈಗೆ ಕೊಟ್ಟಳು.

ಮೇಷ್ಟ್ರು ಪಂಚೆಯನ್ನು ಎತ್ತಿ ಕಟ್ಟಿದರು. ಮೊದಲನೆಯ ಏಟು ಗಾಳಿಯ ಪಾಲಾಯಿತು. ಎರಡನೆಯದಕ್ಕೆ ಚಿಕ್ಕಯ್ಯನ ಅಂಗಿ ತೊಯ್ದುಹೋಯಿತು. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದರು. ಮೂರನೆಯದು ಸರಿಯಾಗಿ ಬಿದ್ದು, ನೀರು ಧಾರೆಯಾಗಿ ಇಳಿದು, ಕಲ್ಲಿನ ಬುಡಕ್ಕೆ ಅಂಟಿದ್ದ ಇಪ್ಪತ್ತು ವರ್ಷದ ಸೋಪಿನ ಪದರವೊಂದು ಕಳಚಿತು. ಅದರಡಿ ಸಣ್ಣ ಅಕ್ಷರಗಳ ಇನ್ನೊಂದು ಸಾಲು ಮಿನುಗಿತು. ಕೊರೆದವನ ಹೆಸರಿರಬಹುದು, ಅರಸನದೂ ಇರಬಹುದು. ಮೇಷ್ಟ್ರಿಗೆ ಸಭೆ ಮರೆತುಹೋಯಿತು, ಸೋಲೂ ಮರೆತುಹೋಯಿತು. ಜಮಖಾನೆಯನ್ನು ಕೈಬಿಟ್ಟು, ಕುಕ್ಕರಗಾಲಿನಲ್ಲಿ ಕುಳಿತು, ಮೂಗು ಕಲ್ಲಿಗೆ ತಾಗುವಂತೆ ಬಾಗಿದರು.

“ಯಾಕ್ ನಿಲ್ಸುಬುಟ್ರಿ ಮೇಷ್ಟ್ರೇ?” ಎಂದಳು ಕುಳ್ಳಮ್ಮ. “ಒಗೀರಿ, ಪಾಪ ಬತ್ತದೆ.”