ಕೈ ಹಾಕದ ಅಪ್ಪ

"ಮಗುವಿನ ಕೆಲಸಕ್ಕೆ ನಾನು ಕೈ ಹಾಕಲ್ಲ, ಬೇರೆಯವರು ಹಾಕಿದರೆ ಬಿಡಲ್ಲ!" ಎಂದು ಪೋಷಕರ ಸಭೆಯಲ್ಲಿ ಮೇಜು ಗುದ್ದಿ ಘೋಷಿಸಿದವರು ಎಂಜಿನಿಯರ್ ಸಾಹೇಬರೇ. ಶಾಲೆಯ ಹಕ್ಕಿಮನೆ ಸ್ಪರ್ಧೆಗೆ ನಿಯಮ ಬರೆದವರೂ ಅವರೇ: ಹೆತ್ತವರ ಬೆರಳು ತಗುಲಿದ್ದು ಗೊತ್ತಾದರೆ ಮಾದರಿ ಹೊರಗೆ! ಮಕ್ಕಳ ಕಲ್ಪನೆ ತಾನಾಗಿಯೇ ಅರಳಬೇಕು ನೋಡಿ.

ಮಗಳು ಚುಕ್ಕಿಯ ಕಲ್ಪನೆ ಎರಡೇ ದಿನದಲ್ಲಿ ಅರಳಿ, ರಟ್ಟಿನ ಮನೆ ಎದ್ದು ನಿಂತಿತು. ಅದಕ್ಕೆ ಸೂರೇ ಇರಲಿಲ್ಲ.

"ಸೂರು ಮರೆತುಹೋಯ್ತೇನಮ್ಮ?"

"ಇಲ್ಲಪ್ಪ. ಹಕ್ಕಿ ಮೇಲಿಂದ ತಾನೇ ಬರೋದು? ಬಾಗಿಲು ಅಲ್ಲೇ."

ಸಾಹೇಬರು ನಿಯಮ ನೆನೆದು ಕೈ ಕಟ್ಟಿಕೊಂಡರು. ಆದರೆ ಎದುರುಮನೆಯ ದಂತವೈದ್ಯರು ಸುಮ್ಮನಿದ್ದಾರೆಯೇ? ಅವರ ಮಗಳೂ ಸ್ಪರ್ಧೆಯಲ್ಲಿದ್ದಾಳೆ! ಭಾನುವಾರ ಆ ಮನೆಯಿಂದ ಕೊರೆಯುವ ಸದ್ದು ಬಂದದ್ದೇ ತಡ, ಇವರ ಕಿವಿ ನಿಮಿರಿತು. ಪರದೆ ಸರಿಸಿ ಇಣುಕಿದರು. ವೈದ್ಯರ ಕೈಯಲ್ಲಿ ಅಂಟಿನ ಡಬ್ಬಿ!

"ಕಂಡೆಯಾ? ಕಳ್ಳ! ಮಗಳ ಕೆಲಸಕ್ಕೆ ಕೈ ಹಾಕ್ತಿದ್ದಾನೆ!"

"ಚಪ್ಪಲಿ ಅಂಟಿಸ್ಕೊಳ್ತಿದ್ದಾರೆ ಕಣ್ರೀ," ಎಂದಳು ಹೆಂಡತಿ.

"ಅದು ನೆಪ ಕಣೇ! ಹಾಗಾದ್ರೆ ಆ ಕೊರೆಯೋ ಸದ್ದು?"

"ಗೋಡೆಗೆ ಫೋಟೋ ಹಾಕ್ತಿದ್ದಾರೆ. ಅನುಮಾನ ಅನ್ನೋ ಹುಳುಕು ಹಲ್ಲು ನಿಮಗಿದೆ, ಅವರ ಹತ್ರಾನೇ ಹೋಗಿ ಕೀಳಿಸ್ಕೊಳ್ಳಿ."

ಮಾತು ಕಿವಿಗೆ ಬಿದ್ದರೆ ತಾನೇ! ಎಲ್ಲರೂ ಮೋಸ ಮಾಡುವಾಗ ತನ್ನ ಮಗಳೊಬ್ಬಳು ಸೋಲಬೇಕೇ? ಚುಕ್ಕಿ ಆಡಲು ಹೋದ ಹೊತ್ತು ನೋಡಿ ಸಾಹೇಬರು ಕೋಣೆಯ ಚಿಲಕ ಹಾಕಿಕೊಂಡರು. ಒಂದೇ ಒಂದು ಸೂರು, ಅಷ್ಟೇ! ಸೂರು ಹಾಕಿದ ಮೇಲೆ ಹಕ್ಕಿ ಒಳಗೆ ಹೋಗುವುದು ಹೇಗೆ? ಗೋಡೆ ಕೊಯ್ದು ಬಾಗಿಲಿಟ್ಟರು. ಬಾಗಿಲು ಎತ್ತರವಾಯಿತು, ಮೆಟ್ಟಿಲು ಬಂತು. ಮೆಟ್ಟಿಲಿನಿಂದ ಯಾರಾದರೂ ಜಾರಿ ಬಿದ್ದರೆ? ಎರಡೂ ಕಡೆ ಕಂಬಿ ಬಂತು! ಮರುದಿನ "ನೀನು ಎತ್ತಬೇಡ, ಬಿದ್ದೀತು," ಎಂದು ಕಾಗದ ಸುತ್ತಿ ತಾವೇ ಶಾಲೆಗೆ ಹೊತ್ತರು.

ಹೆತ್ತವರೆಲ್ಲ ಸೇರಿದ್ದ ಸಭೆಯಲ್ಲಿ ನೋಡಿದರೆ, ದಂತವೈದ್ಯರ ಮಗಳ ಹಕ್ಕಿಮನೆ ತೂತು ಮಾಡಿದ ಒಂದು ಬೂಟಿನ ಡಬ್ಬ. ದೊಡ್ಡವರ್ಯಾರ ಕೈಯೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಟೀಚರ್ ಚುಕ್ಕಿಯ ಮನೆಯನ್ನು ಕೈಗೆತ್ತಿಕೊಂಡು, ಕನ್ನಡಕ ಏರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು. ಸಿಕ್ಕಿಬಿದ್ದೆ ಎಂದು ಸಾಹೇಬರು ಬೆವೆತರು.

"ಅಬ್ಬಾ, ಹಕ್ಕಿಗೆ ಮೆಟ್ಟಿಲು! ಇದು ಅಪ್ಪಟ ಮಗುವಿನ ತಲೆ! ಬುದ್ಧಿ ಬಲಿತವರಿಗೆ ಇಂಥದ್ದು ಹೊಳೆಯೋದೇ ಇಲ್ಲ. ಮೊದಲ ಬಹುಮಾನ!"

ಚುಕ್ಕಿ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. "ಇದು ನಾನು ಮಾಡಿದ್ದಲ್ಲ ಟೀಚರ್. ಅಪ್ಪ ಮಾಡಿರೋದು."

"ಸುಳ್ಳು ಹೇಳಬಾರದು ಪುಟ್ಟ. ನಿಮ್ಮಪ್ಪ ಎಂಜಿನಿಯರ್!"

ಸಭೆಯೆಲ್ಲ ನಕ್ಕಿತು. ಚುಕ್ಕಿಯ ಕಣ್ಣು ತುಂಬಿ ಬಂತು. ಬಾಯಿ ಮುಚ್ಚಿಕೊಂಡರೆ ಸಾಹೇಬರ ಮಾನ ಉಳಿಯುತ್ತದೆ, ಮಗಳು ಸುಳ್ಳುಬುರುಕಿಯಾಗುತ್ತಾಳೆ. ಅವರಿಗೆ ನಿಜಕ್ಕೂ ಸಂಕಟವಾಯಿತು. ಮೆಲ್ಲಗೆ ಎದ್ದು ನಿಂತರು.

"ಮೆಟ್ಟಿಲು... ನಂದೇ."

"ಲಿಫ್ಟ್ ಇಡಲಿಲ್ಲವಲ್ಲ, ಪುಣ್ಯ!" ಎಂದಳು ಹಿಂದಿನ ಸಾಲಿನಿಂದ ಹೆಂಡತಿ.

ಅವರೇ ಬರೆದ ನಿಯಮದಂತೆ ಹಕ್ಕಿಮನೆ ಹೊರಗೆ ಬಿತ್ತು. ಬಹುಮಾನ ಬೂಟಿನ ಡಬ್ಬಕ್ಕೆ ಹೋಯಿತು. ದಾರಿಯುದ್ದಕ್ಕೂ ಸಾಹೇಬರು ತಲೆ ಎತ್ತಲಿಲ್ಲ. ಚುಕ್ಕಿಗೆ ಪಾಪ ಅನ್ನಿಸಿ ಅವರ ಬೆರಳು ಹಿಡಿದುಕೊಂಡಳು.

"ಬೇಜಾರು ಮಾಡ್ಕೋಬೇಡಪ್ಪ. ಮುಂದಿನ ಸಲ ನೀನೇ ಒಂದು ಮಾಡು. ದೇವರಾಣೆಗೂ ನಾನು ಕೈ ಹಾಕಲ್ಲ!"