ಉತ್ತರ ಕೊಡದ ಶಾಂತಾದುರ್ಗಾ

ಕಿಶನ ಮಾಡಿದ ತಪ್ಪು ಒಂದೇ ಸಾಲಿನದು. ಉತ್ತರ ಬರುವ ತನಕ ಕಾಯುತ್ತಿರು ಎಂದು ಅವನು ಕಂಪ್ಯೂಟರಿನ ಪರದೆಗೇ ಹೇಳಿಬಿಟ್ಟಿದ್ದ.

ಕಾರವಾರದ ಹಬ್ಬುವಾಡದಲ್ಲಿ ಕೂತು ಅಂಗಡಿಗಳಿಗೆ, ಸೊಸೈಟಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ಅವನ ಕಸುಬು. ಅಂಕೋಲೆಯ ದಂಡೆಯ ಬೋಟು ಸಂಘಕ್ಕೂ ಒಂದನ್ನು ಮಾಡಿಕೊಟ್ಟಿದ್ದ. ಗುಂಡಿ ಒತ್ತಿದರೆ ಅದು ಪ್ರತಿ ಬೋಟಿನಲ್ಲಿರುವ ಯಂತ್ರವನ್ನೂ ಕರೆದು ಎಲ್ಲಿದ್ದೀಯ ಎಂದು ಕೇಳುತ್ತದೆ. ಉತ್ತರ ಕೊಟ್ಟ ಬೋಟು ನಕಾಶೆಯ ಮೇಲೆ ಹಸಿರು ಚುಕ್ಕೆಯಾಗುತ್ತದೆ. ದಂಡೆಯಲ್ಲಿ ಕಟ್ಟಿದ ಬೋಟುಗಳ ಮೇಲೆ ಪರೀಕ್ಷೆ ಮಾಡಿದ ದಿನ ಉತ್ತರಗಳು ರಪರಪನೆ ಬಂದಿದ್ದವು. ಎಲ್ಲರೂ ಚಾ ಕುಡಿದು ಸಂತೋಷದಿಂದ ಎದ್ದಿದ್ದರು.

ಬಿರುಗಾಳಿಯ ಎಚ್ಚರಿಕೆ ಬಂದ ಮರುದಿನ ಮಾತ್ರ ಸಂಘದ ಕಚೇರಿ ನೋಡಿಕೊಳ್ಳುವ ಮಂದಾಕಿನಿಯ ಫೋನು ಬಂತು.

"ಕಿಶನಾ, ಬೇಗ ಬಾ. ಎಲ್ಲ ಬೋಟು ದಂಡೆಗೆ ಬಂದ್ವು, ಶಾಂತಾದುರ್ಗಾ ಒಂದು ಬರಲಿಲ್ಲ. ನಿನ್ನ ಕಂಪ್ಯೂಟರು ಅದರ ಹೆಸರು ತೋರಿಸಿ ಮುಂದೆ ನಾಟ್ ರೆಸ್ಪಾಂಡಿಂಗ್ ಅಂತ ಬರೆದದೆ. ಬೋಟು ಉತ್ತರ ಕೊಡ್ತಾ ಇಲ್ಲ ಅಂತ ನಾನು ಎಲ್ಲರಿಗೂ ಓದಿ ಹೇಳಿದೆ. ಹೇಳೂದಾಗಿರಲಿಲ್ಲ ಕಾಣ್ತದೆ."

ಹಿಂದಿನಿಂದ ಹೆಂಗಸರ ಅಳು ಕೇಳಿಸುತ್ತಿತ್ತು.

ಏನಾಗಿದೆಯೆಂದು ಕಿಶನನಿಗೆ ಹೊಳೆಯಿತು; ಬೈಕಿನ ಕೀಲಿ ಎತ್ತಿಕೊಂಡ. ಯಾವ ಬೋಟನ್ನು ಕರೆಯುತ್ತದೋ ಅದರ ಹೆಸರು ಪರದೆಯ ನೆತ್ತಿಯ ಮೇಲೆ ಬರುವಂತೆ ಅವನೇ ಮಾಡಿದ್ದ. ಉತ್ತರ ತಡವಾದಾಗ ಕಾಯುತ್ತ ಕೂತ ಪರದೆ ಮರಗಟ್ಟಿದೆ. ಮರಗಟ್ಟಿದ ಪ್ರೋಗ್ರಾಮಿನ ಹೆಸರಿನ ಮುಂದೆ ಕಂಪ್ಯೂಟರು ತಾನಾಗಿ ಆ ಎರಡು ಶಬ್ದ ಅಂಟಿಸಿದೆ. ಅದು ಬಯ್ದದ್ದು ಕಿಶನನ ಪ್ರೋಗ್ರಾಮನ್ನು. ಆದರೆ ಹೆಸರು ಬೋಟಿನದು.

ತೋಡೂರು ದಾಟುವಾಗ ಗಾಳಿ ಬೈಕನ್ನು ರಸ್ತೆಯ ಅಂಚಿಗೆ ನೂಕುತ್ತಿತ್ತು. ದೂರದಲ್ಲಿ ಕಂಡ ಸಮುದ್ರ ಪಾತ್ರೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ಅವನು ಅತ್ತ ನೋಡುವುದನ್ನೇ ಬಿಟ್ಟ.

ಕಚೇರಿಯ ತುಂಬ ಶಾಂತಾದುರ್ಗಾದಲ್ಲಿ ಹೋದವರ ಹೆಂಡಿರು, ತಾಯಂದಿರು. ಬೋಟು ನಡೆಸುವ ತಾಂಡೇಲ ಸುಕ್ರನ ಹೆಂಡತಿ ಪೂರ್ಣಿಮಾ ಕಂಪ್ಯೂಟರಿನ ಮೇಜಿನ ಕಾಲು ಹಿಡಿದು ನೆಲದ ಮೇಲೆ ಕೂತಿದ್ದಳು. ಬೋಟಿನ ಮಾಲಕನೂ ಸಂಘದ ಅಧ್ಯಕ್ಷನೂ ಆದ ಬೊಮ್ಮಯ್ಯ ಬಾಗಿಲಲ್ಲಿ ನಿಂತು, "ಎಂತದೂ ಆಗೂದಿಲ್ಲ, ಸುಮ್ನಿರಿ" ಎನ್ನುತ್ತಿದ್ದ. ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ಅಕ್ಕಾ, ಉತ್ತರ ಕೊಡದೇ ಇರೂದು ಬೋಟಲ್ಲ, ನನ್ನ ಪ್ರೋಗ್ರಾಮು" ಎಂದ ಕಿಶನ.

ಪೂರ್ಣಿಮಾ ತಲೆ ಎತ್ತಿದಳು. "ಹಾಗಾದ್ರೆ ಬೋಟು ಉತ್ತರ ಕೊಟ್ಟದೆಯಾ?"

"ಅದು ಗೊತ್ತಿಲ್ಲ."

"ಮತ್ತೆ ಅಲ್ಲಿಂದ ಇಲ್ಲಿಗೆ ಎಂತ ಹೇಳೂಕೆ ಬಂದೆ ತಮ್ಮಾ?"

ಅವನು ಕೀಬೋರ್ಡಿನ ಮುಂದೆ ಕೂತ. ಕರೆಯುವ ಕೆಲಸವನ್ನು ಪರದೆಯಿಂದ ಕಿತ್ತು ಬೇರೆ ಥ್ರೆಡ್ಡಿಗೆ, ಅಂದರೆ ಬೇರೆ ಆಳಿಗೆ, ಒಪ್ಪಿಸಿದ. ಬೆನ್ನ ಹಿಂದೆ ಅಷ್ಟು ಜನ ಉಸಿರು ಬಿಡುತ್ತಿದ್ದರೆ ಯಾರ ಬುದ್ಧಿ ನೆಟ್ಟಗಿರುತ್ತದೆ? ಗಡಿಬಿಡಿಯಲ್ಲಿ ಪರದೆಗೆ, "ಆ ಆಳಿನ ಕೆಲಸ ಮುಗಿಯುವ ತನಕ ನೀನು ಕಾಯಿ" ಎಂದೂ ಬರೆದುಬಿಟ್ಟ. ಗುಂಡಿ ಒತ್ತಿದ. ಈ ಸಲ ಒಂದು ಚುಕ್ಕೆಯೂ ಮೂಡದೆ ಎಲ್ಲ ಸ್ತಬ್ಧವಾಯಿತು.

"ಈಗ ಎಂತ ಆಯ್ತು?" ಎಂದಳು ಮಂದಾಕಿನಿ.

"ಚುಕ್ಕೆ ಹಾಕೂಕೆ ಆ ಆಳು ಪರದೆಯ ಅಪ್ಪಣೆ ಕಾಯ್ತಾ ಅದೆ. ಪರದೆ ಆ ಆಳಿನ ಕೆಲಸ ಮುಗೀಲಿ ಅಂತ ಕಾಯ್ತಾ ಅದೆ."

"ಎಲೆ ಹಾಕಿದ್ರೆ ಬಡಿಸ್ತೆ ಅಂತ ಒಬ್ಬ, ಬಡಿಸಿದ್ರೆ ಎಲೆ ಹಾಕ್ತೆ ಅಂತ ಇನ್ನೊಬ್ಬ. ಉಂಡ ಹಾಗೇ."

ಹೊರಗೆ ಗಾಳಿಗೆ ತಗಡೊಂದು ಧಡ್ ಎಂದು ಬಿತ್ತು. ಒಬ್ಬ ಮುದುಕಿ ಸಮುದ್ರದ ಕಡೆ ಕೈ ಮುಗಿದಳು. ಕಿಶನ ಬರೆದದ್ದನ್ನು ಮತ್ತೆ ಮೊದಲಿನಿಂದ ಓದಿದ. ಕೊನೆಗೆ ಕಾಯುವ ಮಾತನ್ನೇ ಅಳಿಸಿ ಹಾಕಿದ. ಪರದೆ ತನ್ನ ಪಾಡಿಗೆ ತಾನಿರಲಿ, ಉತ್ತರ ಬಂದಾಗ ಆಳು ಸುದ್ದಿ ಹೇಳಿ ಹೋಗಲಿ ಎಂದು ಬರೆದ.

ಪರದೆ ಜೀವ ಪಡೆಯಿತು. ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಶಾಂತಾದುರ್ಗಾ ಮಾತ್ರ ಆಗಲಿಲ್ಲ.

ಆಗ ಕಿಶನನಿಗೆ ನಿಜವಾದ ಹೆದರಿಕೆ ಹತ್ತಿತು. ಇಷ್ಟು ಹೊತ್ತು ತಪ್ಪು ತನ್ನದೆಂಬ ಧೈರ್ಯವಾದರೂ ಇತ್ತು. ಈಗ ಪ್ರೋಗ್ರಾಮು ಸರಿಯಾಗಿದೆ, ಬೋಟೇ ಉತ್ತರ ಕೊಡುತ್ತಿಲ್ಲ. ಅದನ್ನು ಪೂರ್ಣಿಮಾಗೆ ಹೇಗೆ ಹೇಳುವುದು? ಅವನು ಹಿಂತಿರುಗಿ ನೋಡದೆ ಮತ್ತೆ ಮತ್ತೆ ಗುಂಡಿ ಒತ್ತುತ್ತ ಕೂತ. ಪೂರ್ಣಿಮಾಗೆ ಯಾರೂ ಹೇಳಬೇಕಾಗಲಿಲ್ಲ. ಅವಳು ಎದ್ದು ಅವನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

ಹಾಗೆ ಎಷ್ಟು ಹೊತ್ತು ಹೋಯಿತೋ, ಒಮ್ಮೆಲೇ ಶಾಂತಾದುರ್ಗಾ ಹಸಿರಾಯಿತು. ಹೊರ ಸಮುದ್ರದಲ್ಲಿ ಅಲ್ಲ, ಕಾಳಿ ನದಿಯ ಬಾಯಲ್ಲಿ, ದೇವಬಾಗದ ಮರೆಯಲ್ಲಿ.

ಹೆಂಗಸರೆಲ್ಲ ಒಟ್ಟಿಗೆ ಅತ್ತರು. ಪೂರ್ಣಿಮಾ ಕಿಶನನ ತಲೆ ಸವರಿ, ಮುಖ ಒರೆಸಿಕೊಳ್ಳಲು ಹೊರಗೆ ಹೋದಳು. ಜನ್ಮದಲ್ಲಿ ಅವನಿಗೆ ಅಂಥ ಸಮಾಧಾನ ಆಗಿರಲಿಲ್ಲ.

ಬೊಮ್ಮಯ್ಯ ಮಾತ್ರ ಅವನ ರಟ್ಟೆ ಹಿಡಿದು ಒಳಕೋಣೆಗೆ ಎಳೆದು ಬಾಗಿಲು ಹಾಕಿದ.

"ಎಂತ ಮಾಡಿದೆ ಮಾರಾಯಾ? ನಿನ್ನೆ ಗಾಳಿ ಸುದ್ದಿ ಬಂದ ಕೂಡ್ಲೇ ದೇವಬಾಗದಲ್ಲಿ ನಿಲ್ಲಿ ಅಂತ ನಾನೇ ಅವರಿಗೆ ಹೇಳಿದವ. ಮನೆಗೆ ಬಂದ್ರೆ ಹೆಂಡಿರು ಹಂಚು ಸರಿ ಮಾಡು, ಕಟ್ಟಿಗೆ ಒಡಿ ಅಂತಾರೆ, ಎರಡು ದಿನ ಇಸ್ಪೀಟು ಆಡ್ಕೊಂಡು ಇರ್ತೇವೆ ಅಂದ್ರು. ಪಾಪ ಅಂತ ಅಲ್ಲಿಗೇ ಕೋಳಿಯನ್ನೂ ಕಳಿಸಿದೆ. ಸಿಗ್ನಲ್ ಹೋಗದ ಹಾಗೆ ಆ ಯಂತ್ರದ ಮೇಲೆ ಪಾತೇಲಿ ಕವುಚಿ ಹಾಕಿದ್ರು. ಕೋಳಿ ಬೇಯಿಸೂಕೆ ಅದನ್ನೇ ತೆಗೆದ್ರು ಕಾಣ್ತದೆ."

"ಮತ್ತೆ ನನ್ನನ್ನ ಯಾಕೆ ಕರೆಸಿದ್ರಿ?"

"ಅಷ್ಟು ಹೆಂಗಸರು ನಿಂತಿದ್ರು, ಕರೀಬೇಡ ಅನ್ನೂಕೆ ಆಗ್ತದಾ? ರಿಪೇರಿಗೆ ಕರೆದದ್ದು ಹೌದು. ರಿಪೇರಿ ಆಗ್ತದೆ ಅಂತ ಯಾರು ಎಣಿಸಿದ್ರು? ಈಗ ಹೊರಗೆ ಹೋಗಿ, ಚುಕ್ಕೆ ತಪ್ಪು ಅಂತ ಹೇಳು. ಇಲ್ಲದಿದ್ರೆ ನಾಳೆಯಿಂದ ನೀನು ಬೇಡ, ನಿನ್ನ ಕಂಪ್ಯೂಟರೂ ಬೇಡ."

ಕಿಶನ ಹೊರಗೆ ಬಂದ, ಹಿಂದೆಯೇ ಬೊಮ್ಮಯ್ಯ. ಪೂರ್ಣಿಮಾ ಪರದೆಯ ಮುಂದೆ ನಿಂತಿದ್ದಳು.

"ಅಕ್ಕಾ, ಆ ಚುಕ್ಕೆ..." ಎಂದು ರಾಗ ಎಳೆದ.

ಅವಳು ಮತ್ತೆ ಮೇಜನ್ನು ಹಿಡಿದುಕೊಂಡಳು. "ತಪ್ಪಾ? ಹಾಗಾದ್ರೆ ಅವರು ಇನ್ನೂ ಸಮುದ್ರದಲ್ಲೇ ಇದ್ದಾರಾ?"

ಕಿಶನ ಬೊಮ್ಮಯ್ಯನ ಕಡೆ ನೋಡಿದ. ಬೊಮ್ಮಯ್ಯ ಕಣ್ಣು ದೊಡ್ಡದು ಮಾಡಿದ. ಕಿಶನ ಮತ್ತೆ ಪೂರ್ಣಿಮಾಳ ಕಡೆ ನೋಡಿದ.

"ಇಲ್ಲ ಅಕ್ಕಾ. ಚುಕ್ಕೆ ಸರಿ ಅದೆ. ದೇವಬಾಗದಲ್ಲೇ ಇದ್ದಾರೆ. ನಿನ್ನೆಯಿಂದಲೂ ಅಲ್ಲೇ ಇದ್ದಾರೆ."

"ನಿನ್ನೆಯಿಂದ" ಎಂದಳು ಪೂರ್ಣಿಮಾ. ಅವಳ ಅಳು ನಿಂತಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಉಳಿದವರ ಕಡೆ ತಿರುಗಿದಳು. ಯಾರೋ ಮೀನಿನ ಟೆಂಪೋದವನನ್ನು ಕೂಗಿದರು.

ಕಿಶನ ಮೆಲ್ಲಗೆ ಹಿಂದಿನ ಬಾಗಿಲಿನಿಂದ ಇಳಿದು ಬೈಕು ಹತ್ತಿದ. ಕೆಲಸವಂತೂ ಹೋಯಿತು, ಸುಕ್ರನ ಕಣ್ಣಿಗೆ ಬೀಳದೆ ಮನೆ ಸೇರಿದರೆ ಸಾಕು. ಅಷ್ಟರಲ್ಲಿ ಹೆಂಗಸರು ತುಂಬಿದ ಟೆಂಪೋ ಬಂದು ಅವನ ಪಕ್ಕದಲ್ಲೇ ನಿಂತಿತು. ಮುಂದಿನ ಸೀಟಿನಿಂದ ಪೂರ್ಣಿಮಾ ತಲೆ ಹೊರಗೆ ಹಾಕಿದಳು.

"ತಮ್ಮಾ, ಚುಕ್ಕೆಯ ಜಾಗ ಸಮ ಗೊತ್ತಿರೂದು ನಿನಗೊಬ್ಬನಿಗೇ. ನೀನು ಮುಂದೆ ನಡಿ. ಯಾರು ಹೇಳಿದ್ದು ಅಂತ ಅವರಿಗೂ ಗೊತ್ತಾಗಲಿ."